ಕಪ್ಪು ತಟ್ಟೆಯ ನಕ್ಷತ್ರ

ತಟ್ಟೆಗೆ ಇನ್ನಷ್ಟು ಹನಿ ಬಿಟ್ಟರೂ ನಕ್ಷತ್ರ ಮೂಡಲಿಲ್ಲ.

ಅಂಚೆಚೀಟಿಗಳ ಪರೀಕ್ಷಕರು, ಬಣ್ಣ ಕೆಡಿಸದೆ ಬೇಗ ಆರಿಹೋಗುವ ಬೆಂಜಿನ್ನಿನ ಸೀಸೆಯ ಬಿರಡೆಯನ್ನು ಬಿಗಿಯಾಗಿ ತಿರುಗಿಸಿ ಪಕ್ಕಕ್ಕಿಟ್ಟರು. ಅಂಗೈಯಗಲದ ಕಪ್ಪು ಗಾಜಿನ ತಟ್ಟೆಯಲ್ಲಿ ಕೆಂಪು ಅಂಚೆಚೀಟಿ ಬೋರಲಾಗಿ ಮಲಗಿತ್ತು. ದ್ರವದಲ್ಲಿ ನೆನೆದ ಅದರ ಬೆನ್ನು ಮಾಸಲು ಬೂದುಬಣ್ಣಕ್ಕೆ ತಿರುಗಿ, ಮುಖದ ಚಿತ್ರ ಹಿಂದುಮುಂದಾಗಿ ನಸುವಾಗಿ ತೋರುತ್ತಿತ್ತು. ಕಾಗದ ತಯಾರಾಗುವಾಗಲೇ ಅದರ ಮೈಯಲ್ಲಿ ಮೂಡಿಸಿದ ನೀರುಗುರುತು ಇದ್ದದ್ದೇ ಆದರೆ, ಆ ಗೆರೆಗಳ ಜಾಗ ತೆಳುವಾದದ್ದರಿಂದ ತಟ್ಟೆಯ ಕಪ್ಪು ಅಲ್ಲಿ ಮೊದಲು ಇಣುಕಬೇಕು. ಎಲ್ಲಿಯೂ ಇಣುಕಲಿಲ್ಲ. ತಟ್ಟೆಯನ್ನು ಕಿಟಕಿಯ ಕಡೆಗೆ ಒಂದಿಷ್ಟು ಓರೆ ಮಾಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ ಭೂತಗನ್ನಡಿಯನ್ನೂ ಹಿಡಿದರು. ಬೂದುಬಣ್ಣದ ಕಾಗದ ಏನನ್ನೂ ಬಚ್ಚಿಡದವರ ಮುಖದಂತೆ ಸಪಾಟಾಗಿ ಅವರನ್ನೇ ನೋಡಿತು.

ನಿನ್ನೆ ಬೆಳಗ್ಗೆ ಇದೇ ತಟ್ಟೆಯಲ್ಲಿ, ಇದೇ ಕಿಟಕಿಯ ಬೆಳಕಿನಲ್ಲಿ ಅವರು ನಕ್ಷತ್ರವನ್ನು ಕಣ್ಣಾರೆ ಕಂಡಿದ್ದರು. ಇಡೀ ನಕ್ಷತ್ರವಲ್ಲ, ಎರಡು ಓರೆಗೆರೆಗಳು ಕೂಡಿ ಚೂಪಾದ ಅದರ ಒಂದು ತುದಿ ಮಾತ್ರ. ಅಷ್ಟೇ ಸಾಕು. ಹಾಳೆಯ ತುಂಬ ಹರಡಿದ ಗುರುತು ಒಂದೊಂದು ಚೀಟಿಯ ಪಾಲಿಗೆ ಬರುವುದು ಹೀಗೆ ಚೂರುಚೂರಾಗಿಯೇ. ಆ ಕೆಂಪು ಚೀಟಿ ಮೊದಮೊದಲು ಅಚ್ಚಾದಾಗ ಕೆಲವೇ ಹಾಳೆಗಳು ನಕ್ಷತ್ರದ ಗುರುತಿದ್ದ ಕಾಗದದಲ್ಲಿ ಬಂದಿದ್ದವು. ಆಮೇಲೆ ಬಂದದ್ದೆಲ್ಲ ಗುರುತಿಲ್ಲದ ಬರಿಯ ಕಾಗದ. ಮುಖ ನೋಡಿದರೆ ಎರಡೂ ಅವಳಿಜವಳಿ. ಬರಿಯ ಕಾಗದದವು ಪರೀಕ್ಷಕರ ಮೇಜಿನ ಕೆಳಗಿನ ಖಾನೆಯಲ್ಲೇ ಹಿಡಿಗಟ್ಟಲೆ ಬಿದ್ದಿದ್ದವು. ನಕ್ಷತ್ರದ್ದನ್ನು ಅವರು ಕಂಡಿದ್ದು ಪುಸ್ತಕದ ಚಿತ್ರಗಳಲ್ಲಿ ಮಾತ್ರ.

ಕಾಣುವ ಆಸೆಯಲ್ಲಿಯೇ ಕೂದಲು ಬೆಳ್ಳಗಾಗಿತ್ತು. ಹಾಗಾಗಿ ನಿನ್ನೆ, ಎಂದೂ ಹಾಗೆ ಮಾಡದವರು, ಕೈ ಒರೆಸಿಕೊಳ್ಳುವುದಕ್ಕೂ ಮೊದಲೇ ಚೀಟಿಯ ಒಡೆಯರಿಗೆ ಫೋನು ಮಾಡಿದ್ದರು. ಒಡೆಯರೆಂದರೆ ಎದುರು ಬೀದಿಯ ಹಲ್ಲಿನ ಡಾಕ್ಟರು. “ನಕ್ಷತ್ರ ಡಾಕ್ಟ್ರೇ, ನಕ್ಷತ್ರ! ನಾನೇ ಕಣ್ಣಾರೆ ಕಂಡೆ!” ಎಂದು ಅವರು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿದ್ದ ಮಗಳು ಸೌಟು ಹಿಡಿದುಕೊಂಡೇ ಓಡಿ ಬಂದಿದ್ದಳು.

ಆಗ ಚೀಟಿ ತನ್ನ ಹಳೆಯ ಲಕೋಟೆಯ ತುಣುಕಿಗೆ ಅಂಟಿಕೊಂಡೇ ಇತ್ತು. ಅದನ್ನು ಬಿಡಿಸುವ ಕೆಲಸ ಅಳಿಯನದು. ಅಳಿಯ ಮೊದಲು ಅಚ್ಚುಕೂಟದಲ್ಲಿದ್ದವನು. ಅದು ಬಾಗಿಲು ಹಾಕಿದ ಮೇಲೆ ಹೆಂಡತಿಯೊಡನೆ ಈ ಮನೆಯ ಮಾಳಿಗೆಗೆ ಬಂದು, ಮಾವನ ಕೆಲಸಕ್ಕೆ ಹೆಗಲು ಕೊಟ್ಟಿದ್ದ. ಅವನ ಕೈ ಹಗುರ. ಸುಣ್ಣದಂಥ ಪುಡಿಯ ಲೇಪವಿದ್ದ ಇಂಥ ಕಾಗದವನ್ನು ನೀರಿಗೆ ಹಾಕಿದರೆ ಬಣ್ಣವೇ ಎದ್ದುಹೋಗುತ್ತದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ಚೀಟಿಯನ್ನಿಟ್ಟು, ಡಬ್ಬಿಯ ಮುಚ್ಚಳ ಹಾಕಿ, ಅಂಟು ತಾನಾಗಿಯೇ ಸಡಿಲುವವರೆಗೆ ಕಾಯುವ ತಾಳ್ಮೆ ಅವನಲ್ಲಿತ್ತು. ನಿನ್ನೆ ಸಂಜೆ ಬಿಡಿಸಿದ. ಅಡಿಯ ಕಾಗದವನ್ನು ಎಂದಿನಂತೆ ಬುಟ್ಟಿಗೆ ಹಾಕಿದ. ಬುಟ್ಟಿ ಇಂದು ಬೆಳಗ್ಗೆಯೇ ಕಸದ ಗಾಡಿಗೆ ಖಾಲಿಯಾಗಿತ್ತು.

ಬೆಳಗ್ಗೆ ನಕ್ಷತ್ರವಿದ್ದ ಚೀಟಿ. ಸಂಜೆ ಅಳಿಯನ ಕೈ. ಇಂದು ನಕ್ಷತ್ರವಿಲ್ಲದ ಚೀಟಿ. ಈ ಮೂರನ್ನು ಪರೀಕ್ಷಕರು ಎಷ್ಟು ಸಲ ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೂ ಉತ್ತರ ಒಂದೇ ಬಂತು. ಅದನ್ನು ಮನಸ್ಸಿನಲ್ಲಿಯೂ ಪೂರ್ತಿಯಾಗಿ ಆಡಿಕೊಳ್ಳಲು ಅವರಿಗೆ ಧೈರ್ಯವಾಗಲಿಲ್ಲ. ಮೇಜಿನ ಖಾನೆಯಲ್ಲಿ ಬರಿಯ ಕಾಗದದ ಕೆಂಪು ಚೀಟಿಗಳಿಗೆ ಬರವಿರಲಿಲ್ಲ. ಇದು ನಿನ್ನೆಯ ಚೀಟಿಯೋ ಅಲ್ಲವೋ ಎಂದು ಅದರ ಮೇಲಿನ ಅಂಚೆ ಮೊಹರಿನ ಗುರುತಿನಿಂದ ಹೇಳೋಣವೆಂದರೆ, ನಿನ್ನೆ ಬೆನ್ನು ನೋಡುವ ಆತುರದಲ್ಲಿ ಅವರು ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮೂಲೆಯಲ್ಲೊಂದು ಮಸಿಯ ಕಲೆ ಇದ್ದ ನೆನಪು. ಖಾನೆಯಲ್ಲಿದ್ದ ಅರ್ಧಕ್ಕರ್ಧ ಚೀಟಿಗಳ ಮೂಲೆಯಲ್ಲೂ ಮಸಿಯ ಕಲೆ ಇತ್ತು.

ತಾವೇ ತಪ್ಪು ಕಂಡಿರಬಹುದೆಂಬ ಯೋಚನೆ ಅವರ ಹತ್ತಿರ ಸುಳಿಯಲಿಲ್ಲ. ಸುಳಿಯುವುದಾದರೂ ಹೇಗೆ? ಕಾಗದವನ್ನು ಉಗುರಿನಿಂದ ಮೀಟಿ, ಆ ಸದ್ದಿನಿಂದಲೇ ಇದು ಗಟ್ಟಿ ಕಾಗದ, ಇದು ಹತ್ತಿಯಂತೆ ಮೆತ್ತನೆಯದು ಎಂದು ಕಣ್ಣುಮುಚ್ಚಿ ಹೇಳಬಲ್ಲವರು ಅವರು. ಲೇಪದ ಕಾಗದವೋ ಅಲ್ಲವೋ ಎಂಬ ಸಂದೇಹ ಬಂದರೆ ಬೆಳ್ಳಿಯ ತಂತಿಯ ತುದಿಯನ್ನು ಅಂಚಿಗೆ ತಾಗಿಸುವರು. ಸೀಸದಕಡ್ಡಿಯಂಥ ಗೆರೆ ಬಿದ್ದರೆ ಲೇಪವಿದೆ, ಬೀಳದಿದ್ದರೆ ಇಲ್ಲ. ಬೆಳಕಿಗೆ ಹಿಡಿದಾಗ ಒತ್ತೊತ್ತಾಗಿ ಗೆರೆ ತೋರುವ ಕಾಗದ, ಬಣ್ಣದ ನೂಲೆಳೆ ಬೆರೆತ ಕಾಗದ, ಒಂದೊಂದರ ಜಾತಕವೂ ಅವರ ನಾಲಗೆಯ ತುದಿಯಲ್ಲಿತ್ತು. ಸಂಗ್ರಾಹಕರ ಕ್ಲಬ್ಬಿನಲ್ಲಿ ಅವರು ಇದೆಂದರೆ ಇದು, ಅಲ್ಲವೆಂದರೆ ಅಲ್ಲ. ‘ತಪ್ಪಿತು’ ಎಂಬ ಮಾತನ್ನು ಬೇರೆಯವರ ಬಾಯಿಂದ ಹೇಳಿಸಿ ಅವರಿಗೆ ರೂಢಿಯೇ ಹೊರತು ಹೇಳಿ ರೂಢಿಯಿರಲಿಲ್ಲ.

ಕೋಣೆಯ ಮೂಲೆಯ ತೊಟ್ಟಿಯ ಬಳಿ ಅಳಿಯ ಬೆನ್ನು ಹಾಕಿ ನಿಂತು ಡಬ್ಬಿಗಳನ್ನು ತೊಳೆಯುತ್ತಿದ್ದ. ಬೆಳಗಿನಿಂದ ಅವನು ಮುಖ ತೋರಿಸಿರಲಿಲ್ಲ.

“ಏನಯ್ಯಾ, ನಿನ್ನೆ ಆ ಕೆಂಪು ಚೀಟಿ ಬಿಡಿಸಿದೆಯಲ್ಲ, ಸಲೀಸಾಗಿ ಬಂತಾ?”

“ಹೂಂ.”

“ಅಂಟು ಗಟ್ಟಿಯಾಗಿತ್ತೇನೋ?”

“ಊಹೂಂ.”

“ಮಾತಾಡಿದ್ರೆ ಬಾಯಿಂದ ಮುತ್ತು ಉದುರಿಹೋಗುತ್ತೇನು?” ಎಂದರು ಪರೀಕ್ಷಕರು. ತಮಾಷೆಯಂತೆ ಆಡಲು ಹೋದ ಮಾತು ಗದರಿಕೆಯಾಗಿ ಹೊರಬಂತು. “ಬಿಡಿಸಿದ ಮೇಲೆ ಎಲ್ಲಿಗೋ ಹೋಗಿದ್ದೆಯಂತೆ? ಕತ್ತಲಾದ ಮೇಲೆ ಬಂದೆ.”

“ಇಲ್ಲೇ… ಹೀಗೇ…” ಎಂದ ಅಳಿಯ ಮುಖವನ್ನು ಗೋಡೆಯ ಕಡೆಗೆ ಇನ್ನಷ್ಟು ತಿರುಗಿಸಿಕೊಂಡ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕೇಳಿ ಗೊತ್ತಿತ್ತು. ಕಣ್ಣೆದುರಿಗೇ ಕಾಣಬೇಕಾಯಿತಲ್ಲ ಎಂದುಕೊಂಡರು ಪರೀಕ್ಷಕರು.

ಅಷ್ಟರಲ್ಲಿ ಮಗಳು ಕಾಫಿ ತಂದಳು. “ಅಪ್ಪಾ, ಆ ಸೀಸೆ ಹತ್ರ ಇಡಬೇಡ. ನಿನ್ನೆ ಕುಡಿದದ್ದು ಕಾಫಿನೋ ಬೆಂಜಿನ್ನೋ ನಿನಗೇ ಗೊತ್ತಾಗ್ಲಿಲ್ಲ.” ಗಂಡನ ಮುಂದೆ ಒಂದು ಲೋಟ ತಣ್ಣೀರು ಇಟ್ಟಳು.

“ಅವನಿಗೆ ಕಾಫಿ ಇಲ್ವೇನೇ?”

“ಬೇಡವಂತೆ. ರಾತ್ರಿ ಊಟಾನೂ ಬೇಡ ಅಂದ್ರು,” ಎಂದು ಮಗಳು ಗಂಡನ ಕಡೆ ನೋಡಿದಳು. ಅಳಿಯ ಬೇಡವೆನ್ನುವಂತೆ ತಲೆಯಾಡಿಸಿದ, ಕಂಡೂ ಕಾಣದಷ್ಟು. ಮಗಳು ತುಟಿ ಕಚ್ಚಿಕೊಂಡು ಒಳಗೆ ಹೋಗಿಬಿಟ್ಟಳು.

ಕಾಗದದ ಮೈಯೊಳಗಿನ ಗುರುತನ್ನು ಓದುವ ಕಣ್ಣಿಗೆ ಇಷ್ಟು ಸನ್ನೆ ತಪ್ಪೀತೇ? ಪರೀಕ್ಷಕರ ಕೈಯ ಲೋಟ ಬಾಯಿಯವರೆಗೆ ಹೋಗದೆ ಮೇಜಿಗೆ ಇಳಿಯಿತು. ಇವಳೂ ಸೇರಿದ್ದಾಳೆಯೇ? ಮೊಳದುದ್ದ ಇದ್ದಾಗಲೇ ಈ ಮೇಜಿನ ಕೆಳಗೆ ಕೂತು ಚೀಟಿಗಳನ್ನು ಬಣ್ಣದ ಪ್ರಕಾರ ಜೋಡಿಸಿದವಳು. ಬೇರೆಯವರ ಆಲ್ಬಮ್ಮಿನ ಹಾಳೆಯನ್ನು ಅವರ ಅಪ್ಪಣೆಯಿಲ್ಲದೆ ತಿರುವಬಾರದೆಂದು ತಾನೇ ಅಪ್ಪನಿಗೆ ನೆನಪಿಸುತ್ತಿದ್ದವಳು. ಬಾಯಲ್ಲಿಟ್ಟ ಬಿಸಿತುಪ್ಪವಾಯಿತು. ಕೇಳಿದರೆ, ಇಲ್ಲವೆಂದರೂ ಮನೆ ಮೊದಲಿನಂತಿರದು. ಹೌದೆಂದರೆ ಮನೆಯೇ ಇರದು. ಕೇಳದೆ ಹೋದರೆ ಮಧ್ಯಾಹ್ನ ಡಾಕ್ಟರು ಬರುತ್ತಾರೆ. ನಕ್ಷತ್ರವೆಲ್ಲಿ ಎಂದು ಅವರು ಕೇಳಿಯೇ ಕೇಳುತ್ತಾರೆ.

ಪರೀಕ್ಷಕರು ಎದ್ದು ಕಿಟಕಿಯ ಬಳಿ ನಿಂತರು. ಬೀದಿಯಾಚೆ ಚಮ್ಮಾರನೊಬ್ಬ ಹಳೆಯ ಬೂಟಿನೊಳಗೆ ಕೈ ತೂರಿಸಿ, ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ತಡಕುತ್ತಿದ್ದ. ಒಂದೇ ದಾರಿ ಉಳಿದಿತ್ತು. ನಿನ್ನೆಯೂ ನಕ್ಷತ್ರವಿರಲಿಲ್ಲ, ನನ್ನ ಕಣ್ಣು ತಪ್ಪಿತು ಎಂದು ಹೇಳಿಬಿಡುವುದು. ಒಂದು ಸುಳ್ಳು. ಡಾಕ್ಟರು ಕ್ಲಬ್ಬಿನಲ್ಲಿ ಹೇಳುತ್ತಾರೆ. ಮುದುಕನಿಗೆ ಕಣ್ಣು ಮಂಜಾಯಿತೆಂದು ಜನ ಆಡಿಕೊಳ್ಳುತ್ತಾರೆ. ಇಷ್ಟು ವರ್ಷ ಕೊಟ್ಟ ಅಭಿಪ್ರಾಯಗಳನ್ನೆಲ್ಲ ಮತ್ತೆ ತೆಗೆದು ನೋಡುತ್ತಾರೆ. ನೋಡಲಿ. ಮಗಳ ಗಂಡನನ್ನು ಯಾರೂ ಕಳ್ಳನೆನ್ನಬಾರದು. ಅವರು ಮೆಲ್ಲಗೆ ತುಟಿಯಾಡಿಸಿ ಆ ಮಾತನ್ನು ಹೇಳಿ ನೋಡಿದರು. ‘ನನ್ನ ಕಣ್ಣು’ ಎನ್ನುವವರೆಗೆ ಬಂತು, ಮುಂದಿನದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಹೊಸ ಚಪ್ಪಲಿಯಂತೆ ಆ ಮಾತು ಎಲ್ಲೆಲ್ಲೂ ಒತ್ತಿತು.

ಡಾಕ್ಟರು ಬಂದದ್ದು ಬಿರುಗಾಳಿಯಂತೆ. ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ.

“ಎಲ್ರೀ ನಮ್ಮ ನಕ್ಷತ್ರ? ಇವತ್ತು ರೋಗಿಗಳಿಗೆಲ್ಲ ನಾಳೆ ಬನ್ನಿ ಅಂದುಬಿಟ್ಟೆ. ಒಬ್ಬನಂತೂ ಎಷ್ಟು ಖುಷಿಯಾಗಿ ಎದ್ದು ಹೋದ ಅಂತೀರಿ! ನೋಡಿ, ಅದೇ ಕಟ್ಟಿನ ಲಕೋಟೆಗಳಿಂದ ಕತ್ತರಿಸಿದ ಚೀಟಿಗಳು ಇನ್ನೂ ಇಷ್ಟಿವೆ, ಬಿಡಿಸಿಲ್ಲ. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಯಾಕಿರಬಾರದು?”

“ಕೂತ್ಕೊಳ್ಳಿ ಡಾಕ್ಟ್ರೇ.”

“ಕೂತ್ಕೊಳ್ಳಿ ಅಂತ ಹೀಗೆ ಹೇಳೋದು ನಾನು, ಹಲ್ಲು ಕೀಳೋಕೆ ಮುಂಚೆ. ಏನು ಸಮಾಚಾರ?”

ಪರೀಕ್ಷಕರು ಮೇಜಿನ ಅಂಚನ್ನು ಹಿಡಿದುಕೊಂಡರು. “ನಿಮ್ಮ ಚೀಟೀಲಿ ನಕ್ಷತ್ರ ಇಲ್ಲ.”

“ಇಲ್ಲ ಅಂದ್ರೆ? ನಿನ್ನೆ ಇತ್ತಲ್ಲ?”

“ನಿನ್ನೇನೂ ಇರಲಿಲ್ಲ. ನನ್ನ ಕಣ್ಣು… ತಪ್ಪಿತು.”

ತೊಟ್ಟಿಯಲ್ಲಿ ನೀರಿನ ಸದ್ದು ನಿಂತಿತು. ಡಾಕ್ಟರು ಡಬ್ಬಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಕೂತರು. ಅವರ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲಿಯೇ ನಿಂತಿತ್ತು.

“ನಿಮ್ಮ ಕಣ್ಣು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಕ್ಲಬ್ಬಲ್ಲಿ ನಮಗೆಲ್ಲ ಕಿವಿ ಹಿಂಡಿ ಹೇಳಿಕೊಟ್ಟವರು ಯಾರು? ಕಣ್ಣಾರೆ ಕಂಡೆ ಅಂತ ಫೋನಲ್ಲಿ ಕೂಗಿದವರು ಯಾರು?” ಮೇಜಿನ ಕಡೆ ಬಗ್ಗಿ, ದನಿ ತಗ್ಗಿಸಿ ಕೇಳಿದರು: “ಆಮೇಲೆ ಬಿಡಿಸಿದ್ದು ಯಾರು?”

ಆ ಪ್ರಶ್ನೆ ಎಲ್ಲಿಗೆ ಹೊರಟಿದೆಯೆಂದು ಪರೀಕ್ಷಕರಿಗೆ ಗೊತ್ತಾಯಿತು. ಬರಿಯ ಸುಳ್ಳು ಸಾಲದು. ಸುಳ್ಳಿಗೊಂದು ಊರುಗೋಲು ಬೇಕು.

“ಬಿಡಿಸಿದ್ದು ಯಾರಾದ್ರೂ ಆಗ್ಲಿ, ತಪ್ಪಾಗಿದ್ದು ಅದಕ್ಕೂ ಮುಂಚೆ,” ಎಂದರು ಬೇಗಬೇಗನೆ. “ಅಡೀಲಿ ಲಕೋಟೆ ಕಾಗದ ಅಂಟಿಕೊಂಡಿರುವಾಗ ವಾಟರ್‌ಮಾರ್ಕ್ ನೋಡಬಾರದು. ಮೊದಲ ಪಾಠ ಅದು. ತೆಳುವಾದ ಕಾಗದ, ಅದರಾಚೆ ಚೀಟಿ ಕಾಣುತ್ತೆ ಅಂತ ಆತುರಪಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ. ಲಕೋಟೆ ಕಾಗದದ್ದೇ ಏನೋ ಗೆರೆ ಕಂಡಿತು. ಅದನ್ನೇ ನಕ್ಷತ್ರ ಅಂದ್ಕೊಂಡೆ.”

“ಲಕೋಟೆ ಕಾಗದದಲ್ಲಿ ನಕ್ಷತ್ರದ ತುದಿ ಎಲ್ಲಿಂದ ಬರುತ್ತೆ?”

“ನಕ್ಷತ್ರವೇ ಆಗಬೇಕಂತಿಲ್ಲ. ಮಡಿಕೆ, ಸುಕ್ಕು, ಏನಾದ್ರೂ ಆಗಬಹುದು… ಕೊಡಿ ಇಲ್ಲಿ, ತೋರಿಸ್ತೀನಿ.”

ಏನು ತೋರಿಸುವರೆಂದು ಅವರಿಗೇ ತಿಳಿದಿರಲಿಲ್ಲ. ಬಿಸ್ಕತ್ತಿನ ಡಬ್ಬಿ ತೆರೆದು ಚಿಮುಟದಿಂದ ಒಂದು ತುಣುಕನ್ನು ಎತ್ತಿಕೊಂಡರು. ಅದರ ಮೇಲಿದ್ದುದು ನೀಲಿ ಚೀಟಿ. ಕೆಂಪು ಚೀಟಿ ಬಂದ ಎಷ್ಟೋ ಕಾಲದ ಮೇಲೆ ಬಂದ ಅದರ ಕಾಗದದಲ್ಲಿ ಗುರುತಿನ ಮಾತೇ ಇಲ್ಲ. ನಿನ್ನೆಯ ತುಣುಕನ್ನು ಯಾರೋ ಚೀಟಿಯ ಅಂಚಿಗೆ ಒತ್ತಿ ಕತ್ತರಿಸಿದ್ದರು. ಇದರ ಸುತ್ತ ಲಕೋಟೆಯ ಕಾಗದ ಧಾರಾಳವಾಗಿ ಉಳಿದಿತ್ತು. ಅದನ್ನು ತಟ್ಟೆಯಲ್ಲಿ ಬೋರಲು ಹಾಕಿ ಬೆಂಜಿನ್ ಸುರಿದರು. ಕಾಗದ ಮಬ್ಬಾಗಿ ಏನಾದರೂ ಒಂದು ನೆರಳು ಬಿದ್ದೇ ಬೀಳುತ್ತದೆ. ಇದೇ ನೋಡಿ, ಹೀಗೆ ಮೋಸ ಹೋದೆ ಎನ್ನಬೇಕೆಂದು ಮಾತನ್ನು ಸಿದ್ಧ ಮಾಡಿಕೊಂಡು ಬಗ್ಗಿದರು.

ದ್ರವ ಕಾಗದದೊಳಗೆ ಇಳಿಯಿತು. ಬಿಳುಪು ಬೂದುಬಣ್ಣಕ್ಕೆ ತಿರುಗಿತು. ಚೀಟಿಯ ಬೆನ್ನಿಗೆ ಸರಿಯಾಗಿ ಕಪ್ಪನೆಯ ಎರಡು ಓರೆಗೆರೆಗಳು ಎದ್ದು, ಒಂದನ್ನೊಂದು ಕೂಡಿ, ಚೂಪಾದ ತುದಿಯಾಗಿ ನಿಂತವು.

ಪರೀಕ್ಷಕರ ಮಾತು ಅಲ್ಲಿಯೇ ಉಳಿಯಿತು. ನಿನ್ನೆ ಕಂಡದ್ದು ಇದೇ. ಇದೇ ಓರೆ, ಇದೇ ಚೂಪು. ಆದರೆ ಇಂದು ಗೆರೆ ಚೀಟಿಯ ಅಂಚಿನಲ್ಲಿ ನಿಲ್ಲಲಿಲ್ಲ. ಅಂಚನ್ನು ದಾಟಿ, ಬರಿಯ ಲಕೋಟೆಯ ಕಾಗದದೊಳಕ್ಕೆ ಹರಿದು, ಬಾಗಿ, ನಡುವೆ ನೆಟ್ಟಗೊಂದು ಕಂಬವಾಗಿ, ಕಂಬದ ನೆತ್ತಿಯಲ್ಲಿ ಒಂದು ಬಳೆಯಾಯಿತು. ಲಂಗರು. ಹಡಗಿನ ಲಂಗರು. ಅದರ ಕೊಕ್ಕೆಯ ಮೊನೆಯನ್ನೇ ಅವರು ಆಕಾಶಕ್ಕೆ ಏರಿಸಿದ್ದರು.

“ಇದು… ಇದೇ…” ಎಂದರು. ಅವರ ಹೆಗಲು ಕುಲುಕತೊಡಗಿದಾಗ ಡಾಕ್ಟರಿಗೆ ಗಾಬರಿಯಾಯಿತು.

“ಏನಾಯ್ತ್ರೀ? ನೀರು ತರಲಾ?”

ಪರೀಕ್ಷಕರು ತಲೆಯೆತ್ತಿದರು. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ತುಂಬಿ ಕನ್ನಡಕ ಮಂಜಾಗಿತ್ತು. “ತಪ್ಪಿತು ಡಾಕ್ಟ್ರೇ! ನನ್ನ ಕಣ್ಣು ನಿಜವಾಗ್ಲೂ ತಪ್ಪಿತು! ನೋಡಿ, ನೋಡಿ, ಲಂಗರು! ನಕ್ಷತ್ರ ಅಂತೆ, ನಕ್ಷತ್ರ! ಎಂಥಾ ದಡ್ಡ ನಾನು!”

ಅದೇ ಮಾತು ಈಗ ಹಳೆಯ ಚಪ್ಪಲಿಯಂತೆ ಸಲೀಸಾಗಿ ಹೊರಬಂದಿತ್ತು. ಇನ್ನೊಂದು ತುಣುಕನ್ನು ತಟ್ಟೆಗೆ ಹಾಕಿದರು. ಅದರಲ್ಲೂ ಲಂಗರಿನ ಬಳೆ. ಮತ್ತೊಂದರಲ್ಲಿ ಕಂಬದ ನಡು. ಆ ಕಟ್ಟಿನ ಪತ್ರಗಳನ್ನು ಬರೆದ ಮಹಾಶಯ ಜೀವಮಾನವೆಲ್ಲ ಒಂದೇ ಅಂಗಡಿಯ ಲಕೋಟೆ ಕೊಂಡಿದ್ದ. ಒಂದೊಂದು ತುಣುಕು ಮೂಡಿದಾಗಲೂ ಪರೀಕ್ಷಕರು ಗೆದ್ದವರಂತೆ ತೊಡೆ ತಟ್ಟಿಕೊಂಡರು.

ಡಾಕ್ಟರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು. “ನಮ್ಮ ನಕ್ಷತ್ರ ಸಮುದ್ರಕ್ಕೆ ಬಿತ್ತು ಅನ್ನಿ. ರಾತ್ರಿಯೆಲ್ಲ ಅದಕ್ಕೊಂದು ಚೌಕಟ್ಟು ಯೋಚಿಸ್ತಿದ್ದೆ.” ಕೆಂಪು ಚೀಟಿಯನ್ನು ಚಿಮುಟದಿಂದ ಎತ್ತಿ ಪೊಟ್ಟಣಕ್ಕೆ ಹಾಕಿಕೊಂಡರು. ನಿರಾಸೆ ಅವರ ಮೀಸೆಯ ತುದಿಯವರೆಗೂ ಇಳಿದಿತ್ತು. “ಹಲ್ಲು ಹೋದಾಗ ಅಳೋರನ್ನ ಕಂಡಿದ್ದೀನಿ. ಮಾನ ಹೋದಾಗ ಹೀಗೆ ನಗೋರನ್ನ ಇವತ್ತೇ ನೋಡಿದ್ದು. ಕ್ಲಬ್ಬಿನವರಿಗೆ ಏನು ಹೇಳ್ಲಿ?”

“ಎಲ್ಲ ಹೇಳಿ. ಒಂದೂ ಬಿಡಬೇಡಿ. ಬೇಕಾದ್ರೆ ನಾನೇ ಬಂದು ನಿಂತು ಹೇಳ್ತೀನಿ.”

“ಬನ್ನಿ ಮತ್ತೆ. ಮೊದಲ ಸಾಲಲ್ಲಿ ಕೂತು ಕೇಳ್ತೀನಿ.” ಹೋಗಲು ಎದ್ದ ಡಾಕ್ಟರು ತೊಟ್ಟಿಯ ಕಡೆ ತಿರುಗಿದರು. “ನೀನು ಬಾರಯ್ಯಾ ಈ ಕಡೆ. ಬಾಯಿ ತೆಗಿ ನೋಡೋಣ. ರಕ್ತ ನಿಂತಿದೆಯಾ?”

ಅಳಿಯ ಬೆಳಕಿಗೆ ಬಂದ. ಅವನ ಎಡಗೆನ್ನೆ ಉಬ್ಬಿ ಚೆಂಡಿನಂತಾಗಿತ್ತು.

“ನಿನ್ನೆ ಸಂಜೆ ಬಂದು ದವಡೆ ಹಲ್ಲು ಕೀಳಿಸ್ಕೊಂಡು ಹೋದ,” ಎಂದರು ಡಾಕ್ಟರು, ಅವನ ಬಾಯೊಳಗೆ ಇಣುಕುತ್ತಲೇ. “ಬಿಸಿ ಏನೂ ಕುಡೀಬೇಡ, ಮಾತು ಕಡಿಮೆ ಅಂದಿದ್ದೆ. ಪಾಲಿಸಿದ್ದಾನೆ, ಪರವಾಗಿಲ್ಲ. ನಿಮಗೆ ಹೇಳಿಲ್ವಾ?”

“ಹ್ಯಾಗೆ ಹೇಳ್ತಾರೆ?” ಬಾಗಿಲಲ್ಲಿ ನಿಂತಿದ್ದ ಮಗಳು ತಡೆಯಲಾರದೆ ನಕ್ಕುಬಿಟ್ಟಳು. “ಈ ವಯಸ್ಸಲ್ಲೂ ನನಗೆ ಮೂವತ್ತೆರಡೂ ಗಟ್ಟಿ ಅಂತ ದಿನಾ ಹೇಳ್ತೀಯಲ್ಲ ಅಪ್ಪಾ. ಮಾವನಿಗೆ ಗೊತ್ತಾದ್ರೆ ವರ್ಷವೆಲ್ಲ ಆಡ್ಕೋತಾರೆ, ಹೇಳಬೇಡ ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ರು.”

ಪರೀಕ್ಷಕರು ಅಳಿಯನ ಕೆನ್ನೆಯನ್ನು ನೋಡಿದರು. ಬೆಳಗಿನಿಂದ ಆ ಬೆನ್ನನ್ನಷ್ಟೇ ನೋಡಿ ಏನೆಲ್ಲ ಓದಿಕೊಂಡಿದ್ದರು! ಹೇಳಬೇಕಾದ ಮಾತೊಂದು ನಾಲಗೆಗೆ ಬಂತು. ಅದನ್ನು ಅವರು ಹೊರಗೆ ಬಿಡಲಿಲ್ಲ. ಬಿಟ್ಟರೆ ಅವನ ನೋವಿಗೆ ಇನ್ನೊಂದು ನೋವು ಸೇರುತ್ತಿತ್ತು. ಬದಲಿಗೆ ಎದ್ದು, ತಮ್ಮ ದಿಂಬಿನ ಕುರ್ಚಿಯನ್ನು ಅವನ ಕಡೆ ತಳ್ಳಿದರು.

“ಕೂತ್ಕೊಳ್ಳಿ ಅಳಿಯಂದಿರೇ. ಈ ಅವಸ್ಥೇಲಿ ಡಬ್ಬಿ ತೊಳೆಯೋಕೆ ಯಾರು ಹೇಳಿದ್ದು ನಿಮಗೆ?”

ಅಳಿಯ ಒಂದು ಹೆಜ್ಜೆ ಹಿಂದಕ್ಕಿಟ್ಟ. “ನೀವು ಬಹುವಚನ ಹಚ್ಚಿದ್ರೆ ಭಯ ಆಗುತ್ತೆ ಮಾವ,” ಎಂದ ಅರೆಬಾಯಲ್ಲಿ.

“ಏಯ್, ಇವನಿಗೆ ಮೆತ್ತಗೆ, ತಣ್ಣಗೆ ಏನಾದ್ರೂ ಮಾಡಿಕೊಡೇ! ರಾತ್ರಿಯಿಂದ ಹಸಿದಿದ್ದಾನೆ, ಪಾಪ!” ಎಂದು ಪರೀಕ್ಷಕರು ಮಗಳಿಗೆ ಗದರಿದರು. ಆ ಗದರಿಕೆಯಲ್ಲಿದ್ದ ಸಂಭ್ರಮ ಅರ್ಥವಾಗದೆ ಮಗಳು ಅಪ್ಪನ ಮುಖವನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಡಾಕ್ಟರು ಡಬ್ಬಿಯನ್ನು ಅಲ್ಲಿಯೇ ಬಿಟ್ಟು, ನಾಳೆ ಬರುವೆನೆಂದು ಮೆಟ್ಟಿಲಿಳಿದರು.

ಅಳಿಯ ಕುರ್ಚಿಯ ತುದಿಯಲ್ಲಿ ಕೂತು ತಟ್ಟೆಯ ಕಡೆ ಬಗ್ಗಿದ. ಪರೀಕ್ಷಕರು ನೀಲಿ ಚೀಟಿಯ ತುಣುಕನ್ನು ಚಿಮುಟದಿಂದೆತ್ತಿ ಬ್ಲಾಟಿಂಗ್ ಕಾಗದದ ಮೇಲೆ ಬೋರಲಾಗಿ ಇರಿಸಿದರು. ಬೆಂಜಿನ್ ಆರತೊಡಗಿತ್ತು. ಅಂಚಿನಿಂದ ಬಿಳುಪು ಒಳಕ್ಕೆ ಸರಿಯಿತು. ಮೊದಲು ಬಳೆ ಹೋಯಿತು, ಆಮೇಲೆ ಕಂಬ. ಇಬ್ಬರ ತಲೆಗಳೂ ತಾಗುವಷ್ಟು ಹತ್ತಿರ ಬಂದಿದ್ದವು. ಕೊಕ್ಕೆಯ ಚೂಪು ಮೊನೆ ಒಂದು ಕ್ಷಣ ತಡೆದು ನಿಂತು, ಅದೂ ಮೆಲ್ಲನೆ ಬಿಳಿಯೊಳಗೆ ಇಳಿದುಹೋಯಿತು.